ಟೊಂಕದ ನೋವಿಗೆ ಒಬ್ಬ ಚಿಕಿತ್ಸಕನೋ, ಒಂದು ತಂಡವೋ?

ಕಠಿಣವಾದ ಕೆಲಸಕ್ಕೆ ಸಿದ್ಧನಾದವನನ್ನು ಕುರಿತು ‘ಟೊಂಕ ಕಟ್ಟಿ ನಿಂತಿದ್ದಾನೆ’ ಎನ್ನುತ್ತೇವೆ. ಹೊರಲಾರದ ಸಾಲ ಮೈಮೇಲೆ ಬಿದ್ದರೆ ‘ನಡ ಮುರಿಯಿತು’ ಎನ್ನುತ್ತೇವೆ. ಮನುಷ್ಯನ ದುಡಿಮೆಯ ಭಾರವೆಲ್ಲವೂ ದೇಹದ ಯಾವ ಎಡೆಗೆ ಬಂದು ಕೂಡುತ್ತದೆಂಬುದನ್ನು ನಮ್ಮ ನುಡಿ ಬಹುಕಾಲದ ಹಿಂದೆಯೇ ಗುರುತಿಸಿದೆ.

ಘಟಪ್ರಭಾ ನದಿಯ ಬಯಲಿನಲ್ಲಿ ಈ ಮಾತಿಗೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಕಡಿತ ಪ್ರಾರಂಭವಾಯಿತೆಂದರೆ ಗಂಡಸರೂ ಹೆಂಗಸರೂ ಸೂರ್ಯೋದಯಕ್ಕೆ ಮೊದಲೇ ಹೊಲ ಸೇರಿ, ಬಗ್ಗಿ ಬುಡಕ್ಕೆ ಕುಡುಗೋಲು ಹಾಕುತ್ತಾರೆ. ಕಡಿದ ಕಬ್ಬನ್ನು ಕಟ್ಟುಕಟ್ಟಿ ಟ್ರ್ಯಾಕ್ಟರಿನ ಗಾಡಿಗೆ ಏರಿಸುತ್ತಾರೆ. ಕರದಂಟಿನ ಪಾಕವನ್ನು ಕಡಾಯಿಯಲ್ಲಿ ತಿರುವುವವನು, ಮಗ್ಗದ ಮುಂದೆ ಕುಳಿತ ನೇಕಾರ, ಪರೀಕ್ಷೆಯ ತಿಂಗಳಲ್ಲಿ ಪುಸ್ತಕದ ಮೇಲೆ ಬಾಗಿದ ವಿದ್ಯಾರ್ಥಿ, ಇವರೆಲ್ಲರೂ ಸಂಜೆಯ ಹೊತ್ತಿಗೆ ಕೈಯನ್ನು ಬೆನ್ನಿನ ಕೆಳಗೆ ಇಟ್ಟುಕೊಂಡು ನೆಟ್ಟಗಾಗಲು ಪ್ರಯತ್ನಿಸುವುದನ್ನು ಓದುಗರು ಕಂಡಿರಬೇಕು. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರು ಟೊಂಕದ ನೋವಿನಿಂದ ಬಳಲುತ್ತಿದ್ದರೆಂದೂ, 2050ರ ವೇಳೆಗೆ ಈ ಸಂಖ್ಯೆ 84 ಕೋಟಿಯನ್ನು ಮೀರಬಹುದೆಂದೂ ಅಂದಾಜು ಮಾಡಲಾಗಿದೆ.

ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುವ ನೋವಿನ ಬಗ್ಗೆ ಹೆಚ್ಚು ಚಿಂತೆಯಿಲ್ಲ. ಮೂರು ತಿಂಗಳು ಕಳೆದರೂ ಹೋಗದೆ ಉಳಿಯುವ ನೋವಿಗೆ ವೈದ್ಯರು ದೀರ್ಘಕಾಲಿಕ ನೋವು ಎಂದು ಹೆಸರಿಟ್ಟಿದ್ದಾರೆ. ಕೂಲಿಯನ್ನು ಕಳೆಯುವುದೂ ಮನೆಯನ್ನು ಸಾಲಕ್ಕೆ ನೂಕುವುದೂ ಈ ಎರಡನೆಯದೇ. ಇದಕ್ಕೆ ಕೈಚಳಕದ ಒಬ್ಬ ಚಿಕಿತ್ಸಕ ಸಾಕೇ? ಅಥವಾ ಬೇರೆ ಬೇರೆ ವಿದ್ಯೆಗಳನ್ನು ಬಲ್ಲ ಹಲವರು ಒಂದು ತಂಡವಾಗಿ ಕೂಡಿ ಚಿಕಿತ್ಸೆ ಮಾಡಿದರೆ ಹೆಚ್ಚು ಗುಣವುಂಟೇ? ಈ ಪ್ರಶ್ನೆಯನ್ನು ತೂಗಿ ನೋಡಿದ ಒಂದು ಪ್ರಯೋಗವನ್ನೂ, ಅದರ ಫಲದಿಂದ ನಾವು ಕಲಿಯಬೇಕಾದುದನ್ನೂ ಇಲ್ಲಿ ವಿಚಾರಮಾಡೋಣ.

ಬೆನ್ನೆಂಬ ಸನ್ನೆಗೋಲು

ನಮ್ಮ ಬೆನ್ನೆಲುಬು ಒಂದೇ ಎಲುಬಲ್ಲ. ಒಂದರ ಮೇಲೊಂದು ಜೋಡಿಸಿದ ಕಶೇರುಗಳ ಸಾಲು. ಟೊಂಕದ ಭಾಗದಲ್ಲಿ ಐದು ಕಶೇರುಗಳಿವೆ. ಎರಡು ಕಶೇರುಗಳ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆಯುಂಟು. ಇದನ್ನೇ ಜನರು ‘ಡಿಸ್ಕು’ ಎಂದು ಕರೆಯುವುದು. ಹೊರಗೆ ಗಟ್ಟಿಯಾದ ನಾರಿನ ಸುತ್ತುಗಳು, ಒಳಗೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು, ಇದು ಅದರ ರಚನೆ.

ಮನುಷ್ಯನು ಮುಂದಕ್ಕೆ ಬಗ್ಗಿದಾಗ ಬೆನ್ನು ಒಂದು ಸನ್ನೆಗೋಲಾಗುತ್ತದೆ. ಟೊಂಕದ ಕೆಳಗಿನ ಡಿಸ್ಕೇ ಅದರ ಆಧಾರಬಿಂದು. ಮುಂದೆ ಚಾಚಿದ ಮೈಯ ತೂಕ ಒಂದು ಕಡೆ. ಅದನ್ನು ಬೀಳದಂತೆ ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಇನ್ನೊಂದು ಕಡೆ. ಆದರೆ ಈ ಸನ್ನೆಗೋಲಿನ ಎರಡು ತೋಳುಗಳು ಬಹಳ ಅಸಮ. ಸ್ನಾಯುಗಳು ಆಧಾರಬಿಂದುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಬಗ್ಗಿದ ಮೈಯ ಗುರುತ್ವಕೇಂದ್ರ ಸುಮಾರು 30 ಸೆಂಟಿಮೀಟರ್ ಮುಂದಿದೆ.

ಲೆಕ್ಕ ಮಾಡಿ ನೋಡೋಣ. 60 ಕಿಲೋಗ್ರಾಂ ತೂಕದ ಒಬ್ಬ ಕಬ್ಬು ಕಡಿಯುವವನ ಟೊಂಕದಿಂದ ಮೇಲಿನ ಭಾಗ 30 ಕಿಲೋಗ್ರಾಂ ಎಂದಿಟ್ಟುಕೊಳ್ಳಿರಿ. 30ನ್ನು 30ರಿಂದ ಗುಣಿಸಿ 5ರಿಂದ ಭಾಗಿಸಿದರೆ 180. ಅಂದರೆ ಬರಿಗೈಯಲ್ಲಿ ನೆಲಕ್ಕೆ ಬಗ್ಗಿ ನಿಂತರೂ ಅವನ ಬೆನ್ನಿನ ಸ್ನಾಯುಗಳು 180 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು! ಕೈಯಲ್ಲಿ 10 ಕಿಲೋಗ್ರಾಂನ ಒಂದು ಕಟ್ಟು 40 ಸೆಂಟಿಮೀಟರ್ ಮುಂದಿದ್ದರೆ ಇನ್ನೂ 80 ಸೇರಿ ಒಟ್ಟು 260 ಆಗುತ್ತದೆ. ಆ ಎಳೆತವೆಲ್ಲವೂ ಡಿಸ್ಕನ್ನು ಒತ್ತುತ್ತದೆ. ಅದೇ ಮನುಷ್ಯನು ಮೊಣಕಾಲು ಮಡಿಸಿ, ಮೈಯನ್ನು ನೆಟ್ಟಗಿಟ್ಟು, ಮೈಯ ಗುರುತ್ವಕೇಂದ್ರ 12 ಸೆಂಟಿಮೀಟರಿಗೂ ಕಟ್ಟು 25 ಸೆಂಟಿಮೀಟರಿಗೂ ಸಮೀಪಿಸುವಂತೆ ಎತ್ತಿದರೆ ಸ್ನಾಯುಗಳ ಎಳೆತ 122ಕ್ಕೆ ಇಳಿಯುತ್ತದೆ. ಭಾರ ಅದೇ, ಮನುಷ್ಯ ಅವನೇ. ಬದಲಾದುದು ತೋಳಿನ ಉದ್ದ. ಓದುಗರು ನೀರು ತುಂಬಿದ ಕೊಡವೊಂದನ್ನು ಮೊದಲು ಎದೆಗೆ ಅವಚಿಕೊಂಡು, ಅನಂತರ ಕೈಚಾಚಿ ಹಿಡಿದು ನೋಡಿದರೆ ಈ ಸತ್ಯ ಒಂದೇ ನಿಮಿಷದಲ್ಲಿ ಮನದಟ್ಟಾಗುವುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವೇ? ಅಲ್ಲ. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯ 1960ರ ದಶಕದಲ್ಲಿ ಡಿಸ್ಕಿನೊಳಕ್ಕೆ ಸೂಜಿಯನ್ನು ಸೇರಿಸಿ ಅಲ್ಲಿಯ ಒತ್ತಡವನ್ನು ಅಳೆದನು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಅವನ ಸಂಗಡಿಗರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಸೂಕ್ಷ್ಮವಾದ ಮಾಪಕವನ್ನಿಟ್ಟು ಅವನ ದಿನಚರಿಯನ್ನೆಲ್ಲ ಅಳೆದರು. ಮಲಗಿದ್ದಾಗ ವಾಯುಮಂಡಲದ ಒತ್ತಡದ ಸುಮಾರು ಒಂದರಷ್ಟು, ನಿಂತಾಗ ಐದರಷ್ಟು, ಬೆನ್ನು ಬಾಗಿಸಿ 20 ಕಿಲೋಗ್ರಾಂ ಎತ್ತಿದಾಗ ಇಪ್ಪತ್ತಮೂರರಷ್ಟು, ಮೊಣಕಾಲು ಮಡಿಸಿ ಎತ್ತಿದಾಗ ಹದಿನೇಳರಷ್ಟು ಒತ್ತಡ ಕಂಡುಬಂದಿತು. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಅಷ್ಟು ಎತ್ತರದಿಂದ ಕೊಳವೆಯಲ್ಲಿ ನೀರನ್ನು ನಿಲ್ಲಿಸಿದರೆ ತಳದಲ್ಲಿ ಉಂಟಾಗುವ ಒತ್ತಡವೂ ವಾಯುಮಂಡಲದ ಒತ್ತಡದ ಐದರಷ್ಟೇ. 1885ರಲ್ಲಿ ಜಲಪಾತದ ಬಳಿ ಸ್ಥಾಪನೆಗೊಂಡ ನೂಲಿನ ಗಿರಣಿಗೆ ಬಲವನ್ನು ಕೊಟ್ಟುದು ಈ ಎತ್ತರವೇ. ಸುಮ್ಮನೆ ನಿಂತ ಮನುಷ್ಯನ ಟೊಂಕದಲ್ಲಿ ಒಂದು ಗೋಕಾಕ ಜಲಪಾತದ ಒತ್ತಡವಿದೆ. ಬಗ್ಗಿ ಮೂಟೆ ಎತ್ತುವಾಗ ನಾಲ್ಕಕ್ಕಿಂತ ಹೆಚ್ಚು ಜಲಪಾತಗಳ ಒತ್ತಡವಿರುತ್ತದೆ.

ಚಿತ್ರಕ್ಕೆ ಸಿಕ್ಕದ ನೋವು

ಇಷ್ಟನ್ನು ಕೇಳಿದವರಿಗೆ ಟೊಂಕದ ನೋವೆಂದರೆ ಸವೆದ ಯಂತ್ರದ ಕಥೆಯೆಂದು ತೋರುವುದು ಸಹಜ. ಡಿಸ್ಕು ಸವೆಯಿತು, ನೋವು ಬಂದಿತು. ಸವೆದುದನ್ನು ಸರಿಪಡಿಸಿದರೆ ನೋವು ಹೋಗುವುದು. ಆದರೆ ದೇಹ ಇಷ್ಟು ಸರಳವಾಗಿ ಲೆಕ್ಕಕ್ಕೆ ಬಗ್ಗುವುದಿಲ್ಲ.

ನೋವೇ ಇಲ್ಲದ ಸಾವಿರಾರು ಜನರ ಬೆನ್ನಿನ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನೆಲ್ಲ 2015ರಲ್ಲಿ ಒಟ್ಟುಗೂಡಿಸಿ ನೋಡಲಾಯಿತು. ಇಪ್ಪತ್ತು ವರ್ಷದ ಆರೋಗ್ಯವಂತರಲ್ಲಿ ಶೇಕಡಾ 37 ಜನರಿಗೂ, ಎಂಬತ್ತು ವರ್ಷದವರಲ್ಲಿ ಶೇಕಡಾ 96 ಜನರಿಗೂ ಡಿಸ್ಕಿನ ಸವೆತದ ಗುರುತುಗಳಿದ್ದುವು. ಇವರಾರಿಗೂ ನೋವಿರಲಿಲ್ಲವೆಂಬುದನ್ನು ನೆನಪಿಡಬೇಕು. ನರೆತ ಕೂದಲಿನಂತೆ ಈ ಸವೆತವೂ ಬಹುಮಟ್ಟಿಗೆ ವಯಸ್ಸಿನ ಗುರುತು. ಟೊಂಕದ ನೋವಿನ ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಜನರಿಗೆ ‘ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಬಹುದಾದ ದೋಷ ಯಾವುದೂ ದೊರೆಯುವುದಿಲ್ಲ.

ಹಾಗಾದರೆ ನೋವು ಸುಳ್ಳೇ? ಖಂಡಿತವಾಗಿಯೂ ಅಲ್ಲ. ನೋವೆಂಬುದು ನರಮಂಡಲವು ಬಾರಿಸುವ ಎಚ್ಚರಿಕೆಯ ಗಂಟೆ. ಪೆಟ್ಟು ಮಾಯ್ದ ಮೇಲೆಯೂ ಗಂಟೆ ಬಾರಿಸುತ್ತಲೇ ಇರುವುದುಂಟು. ನಿದ್ರೆಗೇಡು, ಮನಸ್ಸಿನ ಕಳವಳ, ‘ಬಗ್ಗಿದರೆ ಬೆನ್ನು ಮುರಿದೀತು’ ಎಂಬ ಭಯ, ಕೆಲಸ ಹೋದೀತೆಂಬ ಚಿಂತೆ, ಇವೆಲ್ಲವೂ ಆ ಗಂಟೆಯ ಸದ್ದನ್ನು ಹೆಚ್ಚಿಸುತ್ತವೆ. ಭಯದಿಂದ ಅಲುಗದೆ ಮಲಗಿದವನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಂದ ನೋವು ಬೇಗ ಮರುಕಳಿಸುತ್ತದೆ. ಇದೊಂದು ಗಾಣದ ಸುತ್ತು.

ನೋವಿಗೆ ಹೀಗೆ ಹಲವು ಬೇರುಗಳಿರುವುದರಿಂದಲೇ ಚಿಕಿತ್ಸೆಯೂ ಹಲವು ಕೈಗಳಿಂದಾಗಬೇಕೆಂಬ ವಾದ ಹುಟ್ಟಿತು. ಅದನ್ನು ಪರೀಕ್ಷಿಸುವ ಮೊದಲು ಒಂದೇ ಕೈಯ ಚಿಕಿತ್ಸೆಯನ್ನು ಪರಿಚಯಮಾಡಿಕೊಳ್ಳೋಣ.

ಕೈಯಿಂದ ಮಾಡುವ ಚಿಕಿತ್ಸೆ

ಉಳುಕಿದ ಟೊಂಕವನ್ನು ತಿಕ್ಕಿ, ಎಳೆದು, ತಿರುಚಿ ಸರಿಮಾಡುವವರು ನಮ್ಮ ಊರೂರುಗಳಲ್ಲಿ ಇದ್ದಾರೆ. ಈ ಬಗೆಯ ಕೈಚಿಕಿತ್ಸೆಯನ್ನು ಅಮೆರಿಕದಲ್ಲಿ ಒಂದು ಶಾಸ್ತ್ರವಾಗಿ ಕಟ್ಟಲು ಹೊರಟವನು ಡೇನಿಯಲ್ ಡೇವಿಡ್ ಪಾಮರ್. 1895ರಲ್ಲಿ ಐಯೋವಾ ಸಂಸ್ಥಾನದ ಡೇವನ್‌ಪೋರ್ಟ್ ನಗರದಲ್ಲಿ ಹಾರ್ವಿ ಲಿಲರ್ಡ್ ಎಂಬ ಕಿವುಡನ ಬೆನ್ನಿನ ಎಲುಬೊಂದನ್ನು ಒತ್ತಿ ಅವನಿಗೆ ಕಿವಿ ಕೇಳಿಸುವಂತೆ ಮಾಡಿದೆನೆಂದು ಅವನು ಸಾರಿದನು. ಕಶೇರುಗಳು ತಮ್ಮ ಸ್ಥಾನದಿಂದ ಜರುಗಿ ನರಗಳನ್ನು ಅದುಮುವುದೇ ರೋಗಗಳಿಗೆ ಮೂಲವೆಂಬುದು ಅವನ ಸಿದ್ಧಾಂತ. ಗ್ರೀಕ್ ಭಾಷೆಯಲ್ಲಿ ಕೈ ಮತ್ತು ಕೆಲಸ ಎಂಬ ಅರ್ಥಗಳುಳ್ಳ ಮಾತುಗಳಿಂದ ‘ಕೈರೋಪ್ರ್ಯಾಕ್ಟಿಕ್’ ಎಂಬ ಹೆಸರಾಯಿತು.

ಈ ಸಿದ್ಧಾಂತ ನಿಲ್ಲಲಿಲ್ಲ. ಕಿವಿಯ ನರ ಮಿದುಳಿನಿಂದ ನೇರವಾಗಿ ಕಿವಿಗೆ ಹೋಗುತ್ತದೆ. ಬೆನ್ನೆಲುಬಿನ ಹಾದಿಯಲ್ಲಿ ಅದು ಬರುವುದೇ ಇಲ್ಲ. ಆದರೆ ಒಂದು ಚಿಕಿತ್ಸೆಯ ಹಿಂದಿನ ಕಲ್ಪನೆ ತಪ್ಪಾಗಿದ್ದರೂ ಚಿಕಿತ್ಸೆಯಿಂದ ಸ್ವಲ್ಪ ಉಪಯೋಗ ಆಗಬಹುದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಇಂದಿನ ಅನೇಕ ಕೈರೋಪ್ರ್ಯಾಕ್ಟರುಗಳು ಪಾಮರನ ಸಿದ್ಧಾಂತವನ್ನು ಬದಿಗಿಟ್ಟು ಟೊಂಕ ಮತ್ತು ಕತ್ತಿನ ನೋವಿಗಷ್ಟೇ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡಿದ್ದಾರೆ.

ಬೆನ್ನನ್ನು ತಿರುಚಿದಾಗ ಕೇಳುವ ‘ಟಕ್’ ಎಂಬ ಸದ್ದು ಅನೇಕರನ್ನು ಬೆರಗುಗೊಳಿಸುತ್ತದೆ. ಮೊಬೈಲಿನ ತೆರೆಯ ಮೇಲೆ ಈ ಸದ್ದಿಗಾಗಿಯೇ ಅಂಥ ದೃಶ್ಯಗಳನ್ನು ನೋಡುವವರುಂಟು. ಜರುಗಿದ ಎಲುಬು ಸ್ವಸ್ಥಾನಕ್ಕೆ ಕೂಡಿಕೊಂಡ ಸದ್ದು ಅದೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ಬೆರಳಿನ ನೆಟಿಗೆ ಮುರಿದಾಗ ಕೇಳುವ ಸದ್ದೂ ಇದೇ. ಕೀಲಿನೊಳಗೆ ಒಂದು ಜಿಗುಟು ದ್ರವವಿದ್ದು ಅದರಲ್ಲಿ ಅನಿಲಗಳು ಕರಗಿವೆ. ಎಲುಬುಗಳು ಫಕ್ಕನೆ ದೂರ ಸರಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಏಳುವಂತೆ ಇಲ್ಲಿಯೂ ಅನಿಲದ ಕುಹರವೊಂದು ಮೂಡುತ್ತದೆ. 1947ರಲ್ಲಿ ಲಂಡನ್ನಿನ ಸಂಶೋಧಕರು ಗುಳ್ಳೆ ಹುಟ್ಟುವುದೇ ಸದ್ದಿಗೆ ಕಾರಣವೆಂದರು. 1971ರಲ್ಲಿ ಲೀಡ್ಸ್ ನಗರದವರು ಗುಳ್ಳೆ ಕುಸಿಯುವುದು ಕಾರಣವೆಂದರು. 2015ರಲ್ಲಿ ಕೆನಡಾದಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳನ್ನು ಎಳೆದು ಚಲಚ್ಚಿತ್ರ ತೆಗೆದಾಗ ಸದ್ದಿನ ಕ್ಷಣದಲ್ಲಿ ಕುಹರ ಮೂಡುವುದು ಕಂಡಿತು. ಒಮ್ಮೆ ನೆಟಿಗೆ ಮುರಿದ ಬೆರಳಿನಿಂದ ಸುಮಾರು ಇಪ್ಪತ್ತು ನಿಮಿಷದವರೆಗೆ ಮತ್ತೆ ಸದ್ದು ಬರದಿರುವುದನ್ನು ಓದುಗರೇ ಪರೀಕ್ಷಿಸಬಹುದು. ಅನಿಲ ಪುನಃ ಕರಗಲು ಅಷ್ಟು ಸಮಯ ಬೇಕು. ಸದ್ದು ಆಯಿತೆಂದ ಮಾತ್ರಕ್ಕೆ ರೋಗ ಹೋಯಿತೆಂದು ಹೇಳುವಂತಿಲ್ಲ.

ಗುಣವಾಯಿತೆಂದು ಹೇಳುವುದು ಹೇಗೆ?

ತಾಯಿಯ ಗರ್ಭದಿಂದ ಕಾಲು ಮುಂದಾಗಿ ಹುಟ್ಟಿದವರು ತಮ್ಮ ಕಾಲಿನಿಂದ ಟೊಂಕವನ್ನು ಮುಟ್ಟಿದರೆ ಉಳುಕು ಬಿಡುವುದೆಂಬ ನಂಬಿಕೆ ನಮ್ಮ ಜನರಲ್ಲಿದೆ. ‘ನನಗೆ ಗುಣವಾಯಿತು’ ಎಂದು ಪ್ರಾಮಾಣಿಕವಾಗಿ ಹೇಳುವವರೂ ದೊರೆಯುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಆದರೆ ಇಲ್ಲಿ ಮೂರು ಕಾರಣಗಳು ನಮ್ಮನ್ನು ವಂಚಿಸುತ್ತವೆ. ಮೊದಲನೆಯದು, ಹೊಸ ಉಳುಕು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಎರಡನೆಯದು, ಹಳೆಯ ನೋವು ಏರಿಳಿಯುತ್ತಿರುತ್ತದೆ. ತೀರ ಏರಿದ ದಿನವೇ ನಾವು ಚಿಕಿತ್ಸಕನ ಮನೆಗೆ ಹೋಗುತ್ತೇವೆ. ಏರಿದುದು ಆ ಬಳಿಕ ಇಳಿಯಲೇಬೇಕಷ್ಟೆ. ಮೂರನೆಯದು ನಂಬಿಕೆ, ಗುಣವಾಗುವುದೆಂಬ ನಿರೀಕ್ಷೆಯೇ ನೋವನ್ನು ಕೊಂಚ ತಗ್ಗಿಸುತ್ತದೆ.

ಈ ವಂಚನೆಗಳಿಂದ ಪಾರಾಗಲು ವಿಜ್ಞಾನಿಗಳು ತಕ್ಕಡಿಯ ಉಪಾಯವನ್ನು ಅನುಸರಿಸುತ್ತಾರೆ. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ಹಂಚುತ್ತಾರೆ. ಯಾರು ಯಾವ ಗುಂಪಿಗೆಂಬುದನ್ನು ವೈದ್ಯನೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ತಾನಾಗಿ ವಾಸಿಯಾಗುವವರು, ಬಹಳ ನಂಬುವವರು, ವಯಸ್ಸಾದವರು, ಎಲ್ಲರೂ ಎರಡು ತಟ್ಟೆಗಳಲ್ಲಿಯೂ ಹೆಚ್ಚುಕಡಮೆ ಸಮವಾಗಿ ಬೀಳುತ್ತಾರೆ. ಅನಂತರ ಉಳಿಯುವ ವ್ಯತ್ಯಾಸವನ್ನು ಚಿಕಿತ್ಸೆಯ ಲೆಕ್ಕಕ್ಕೆ ಹಾಕಬಹುದು.

ನೋವನ್ನು ಅಳೆಯುವ ಉಷ್ಣಮಾಪಕವಿಲ್ಲ. ರೋಗಿಯನ್ನೇ ಕೇಳಬೇಕು: ನೋವೇ ಇಲ್ಲದಿದ್ದರೆ ಸೊನ್ನೆ, ಕಲ್ಪಿಸಬಹುದಾದ ಅತಿ ಕೆಟ್ಟ ನೋವಿಗೆ ಹತ್ತು, ನಿನ್ನದೆಷ್ಟು? ಒರಟಾದ ಅಳತೆಗೋಲೇನೋ ಹೌದು; ಆದರೆ ನೋವನ್ನು ಅನುಭವಿಸುವವನೇ ಇದರಲ್ಲಿ ಮಾಪಕ.

ಮಿನೆಸೋಟಾದ ಪ್ರಯೋಗ

ನಮ್ಮ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಪ್ರಯೋಗ ನಡೆದುದು ಅಮೆರಿಕದ ಮಿನೆಸೋಟಾ ಸಂಸ್ಥಾನದಲ್ಲಿ. ಅದರ ಫಲವನ್ನು 2022ರಲ್ಲಿ ಬ್ರಾನ್‌ಫೋರ್ಟ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು. ಆರು ವಾರಗಳಿಗೂ ಮಿಕ್ಕಿ ಟೊಂಕದ ನೋವಿದ್ದ 201 ಜನರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿಗೆ ಸಮನ್ವಿತ ತಂಡದ ಚಿಕಿತ್ಸೆ: ಕೈರೋಪ್ರ್ಯಾಕ್ಟಿಕ್, ಚೀನೀಯರ ಸೂಜಿಚಿಕಿತ್ಸೆ, ಅಂಗಮರ್ದನ, ವ್ಯಾಯಾಮ, ಔಷಧ, ನೋವಿನ ಭಯವನ್ನು ತಿದ್ದುವ ಮನೋಚಿಕಿತ್ಸೆ, ತನ್ನ ಆರೈಕೆಯನ್ನು ತಾನೇ ಮಾಡಿಕೊಳ್ಳುವ ಶಿಕ್ಷಣ, ಇವುಗಳಲ್ಲಿ ಯಾರಿಗೆ ಯಾವುದು ತಕ್ಕುದೆಂಬುದನ್ನು ತಂಡದವರು ಕೂಡಿ ವಿಚಾರಿಸಿ, ರೋಗಿಯ ಇಷ್ಟವನ್ನೂ ಕೇಳಿ ಗೊತ್ತುಪಡಿಸುತ್ತಿದ್ದರು. ಚಿಕಿತ್ಸೆ ಹನ್ನೆರಡು ವಾರ. ಆದರೆ ರೋಗಿಗಳ ಸ್ಥಿತಿಯನ್ನು ಒಂದು ವರ್ಷದವರೆಗೆ ವಿಚಾರಿಸುತ್ತ ಬಂದರು.

ಫಲವೇನು? ವರ್ಷದ ಸರಾಸರಿಯಲ್ಲಿ ತಂಡದ ಗುಂಪಿನವರ ನೋವು ಇನ್ನೊಂದು ಗುಂಪಿನವರಿಗಿಂತ ಹತ್ತರ ಅಳತೆಯಲ್ಲಿ 0.5 ಅಂಕದಷ್ಟು ಕಡಮೆಯಿತ್ತು. ನಿಜವಾದ ವ್ಯತ್ಯಾಸ 0.1ರಿಂದ 0.9ರ ನಡುವೆ ಎಲ್ಲಿಯಾದರೂ ಇರಬಹುದೆಂದು ಗಣಿತ ಹೇಳುತ್ತದೆ. ದಿನನಿತ್ಯದ ಕೆಲಸಗಳಿಗೆ ಆಗುವ ಅಡ್ಡಿಯನ್ನು ಅಳೆಯುವ 23 ಅಂಕಗಳ ಮಾಪನದಲ್ಲಿಯೂ 1.1ರಷ್ಟು ವ್ಯತ್ಯಾಸ ತಂಡದ ಪರವಾಗಿ ಕಂಡಿತು. ತಂಡದ ಚಿಕಿತ್ಸೆ ಗೆದ್ದಿತು, ಆದರೆ ಕೂದಲೆಳೆಯಲ್ಲಿ. ಅಷ್ಟು ಜನ ತಜ್ಞರನ್ನು ಕೂಡಿಸಲು ತಗಲುವ ಶ್ರಮ ಸಾಧನಗಳನ್ನು ನೋಡಿದರೆ ಈ ಅಲ್ಪ ಲಾಭಕ್ಕಾಗಿ ತಂಡವನ್ನು ಕಟ್ಟುವುದು ಸಾರ್ಥಕವಾಗಲಾರದೆಂದು ಪ್ರಯೋಗ ಮಾಡಿದವರೇ ಅಭಿಪ್ರಾಯಪಟ್ಟರು.

ಅರ್ಧ ಅಂಕದ ಬೆಲೆ

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ವ್ಯತ್ಯಾಸವುಂಟೇ?’ ಎಂಬುದು ಒಂದು ಪ್ರಶ್ನೆ, ‘ಎಷ್ಟು?’ ಎಂಬುದು ಇನ್ನೊಂದು. ಅಕ್ಕಸಾಲಿಗನ ತಕ್ಕಡಿ ಒಂದು ಗುಲಗಂಜಿಯ ತೂಕವನ್ನು ತೋರಿಸುತ್ತದೆ. ಆ ವ್ಯತ್ಯಾಸ ನಿಜವೇ. ಆದರೆ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಗಾಡಿಯನ್ನು ತೂಗುವ ಕಾಟಾದ ಮೇಲೆ ಅದಕ್ಕೆ ಬೆಲೆಯಿಲ್ಲ. ಪತ್ರಿಕೆಗಳಲ್ಲಿ ‘ಇಂಥ ಚಿಕಿತ್ಸೆ ಉತ್ತಮವೆಂದು ಸಿದ್ಧವಾಗಿದೆ’ ಎಂಬ ಸುದ್ದಿಯನ್ನು ಓದಿದಾಗ ಅಳೆದುದು ಯಾವ ತಕ್ಕಡಿಯಲ್ಲಿ ಎಂದು ಕೇಳಬೇಕು. ಹಳೆಯ ನೋವಿನ ರೋಗಿಯೊಬ್ಬ ‘ನನಗೆ ಸ್ಪಷ್ಟವಾಗಿ ಹಗುರವಾಯಿತು’ ಎನ್ನಬೇಕಾದರೆ ಸಾಮಾನ್ಯವಾಗಿ ಸುಮಾರು ಎರಡು ಅಂಕಗಳಷ್ಟು, ಅಥವಾ ಮೊದಲಿದ್ದ ನೋವಿನ ಶೇಕಡಾ 30ರಷ್ಟು ಇಳಿಯಬೇಕೆಂದು ನೋವಿನ ತಜ್ಞರು ಎಣಿಸಿದ್ದಾರೆ. ಸರಾಸರಿ ಅರ್ಧ ಅಂಕವೆಂಬುದು ಇದಕ್ಕಿಂತ ಬಹಳ ಕೆಳಗಿದೆ.

ಆದರೆ ಸರಾಸರಿಯೂ ಎಲ್ಲವನ್ನೂ ಹೇಳುವುದಿಲ್ಲ. ಕೆಲವರಿಗೆ ತಂಡದಿಂದ ಬಹಳ ಗುಣವಾಗಿ, ಉಳಿದವರಿಗೆ ಏನೂ ಆಗದೆ ಇದ್ದರೂ ಸರಾಸರಿ ಅರ್ಧವೇ ಬಂದೀತು. ಇದಲ್ಲದೆ ಈ ಪ್ರಯೋಗದಲ್ಲಿ ಚಿಕಿತ್ಸೆಯನ್ನೇ ಪಡೆಯದ ಮೂರನೆಯ ಗುಂಪು ಇರಲಿಲ್ಲ. ಎರಡರಲ್ಲಿ ಯಾವುದು ಮೇಲೆಂಬುದನ್ನು ಅದು ಹೇಳಬಲ್ಲುದು. ಎರಡೂ ಸುಮ್ಮನಿರುವುದಕ್ಕಿಂತ ಎಷ್ಟು ಮೇಲೆಂಬುದನ್ನು ಹೇಳಲಾರದು.

ಅದಕ್ಕೆ ಬೇರೆ ಪ್ರಯೋಗಗಳನ್ನು ನೋಡಬೇಕು. 2018ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದ 750 ಜನರ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ವಾಡಿಕೆಯ ವೈದ್ಯದ ಜೊತೆಗೆ ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆಯನ್ನೂ ಪಡೆದವರ ನೋವು, ವಾಡಿಕೆಯ ವೈದ್ಯವನ್ನಷ್ಟೇ ಪಡೆದವರಿಗಿಂತ ಆರು ವಾರಗಳ ಕೊನೆಗೆ 1.1 ಅಂಕದಷ್ಟು ಕಡಮೆಯಾಗಿತ್ತು. 2019ರಲ್ಲಿ ಇಂಥ 47 ಪ್ರಯೋಗಗಳ 9,211 ರೋಗಿಗಳ ವಿವರವನ್ನು ಒಟ್ಟಿಗೆ ತೂಗಿದಾಗ, ಬೆನ್ನನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆ ದೀರ್ಘಕಾಲಿಕ ನೋವಿನಲ್ಲಿ ವ್ಯಾಯಾಮವೇ ಮೊದಲಾದ ಇತರ ಒಪ್ಪಿತ ಚಿಕಿತ್ಸೆಗಳಿಗೆ ಹೆಚ್ಚುಕಡಮೆ ಸಮವೆಂದು ತಿಳಿದುಬಂದಿತು. ಅದು ಪವಾಡವೂ ಅಲ್ಲ, ಪೊಳ್ಳೂ ಅಲ್ಲ. ಸಾಧಾರಣವಾದ ಉಪಯೋಗವುಳ್ಳ ಹಲವು ಉಪಾಯಗಳಲ್ಲಿ ಒಂದು.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಇದೇ ಧೋರಣೆಯದು. ರೋಗಿಗೆ ತಿಳಿವಳಿಕೆ, ವ್ಯಾಯಾಮ, ಬೆನ್ನಿನ ಕೈಚಿಕಿತ್ಸೆ, ಅಂಗಮರ್ದನ, ಮನೋಚಿಕಿತ್ಸೆ, ಕೆಲವು ನೋವುನಿವಾರಕಗಳು, ಇವು ಉಪಯುಕ್ತವಾಗಬಹುದೆಂದು ಅದು ಹೇಳುತ್ತದೆ. ಪೇಟೆಯಲ್ಲಿ ಮಾರುವ ಟೊಂಕದ ಪಟ್ಟಿಗಳನ್ನೂ, ತೂಕ ಕಟ್ಟಿ ಬೆನ್ನನ್ನು ಎಳೆಯುವುದನ್ನೂ, ಅಫೀಮಿನ ಜಾತಿಯ ಔಷಧಗಳನ್ನೂ ವಾಡಿಕೆಯಾಗಿ ಬಳಸಬಾರದೆಂದೂ ಹೇಳುತ್ತದೆ.

ನಮ್ಮ ನಾಡಿನಲ್ಲಿ

ತಂಡದ ಚಿಕಿತ್ಸೆಯ ಕಲ್ಪನೆ ನಮಗೆ ಅಪರಿಚಿತವಲ್ಲ. ಗೋಕಾಕಕ್ಕೆ ಹತ್ತಿರದ ಘಟಪ್ರಭೆಯಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಪ್ರಾರಂಭವಾಯಿತು. ಅದೇ ಊರಿನಲ್ಲಿ ಸಹಕಾರಿ ಆಸ್ಪತ್ರೆಯೊಂದೂ ಅದರ ಆಯುರ್ವೇದ ಮಹಾವಿದ್ಯಾಲಯವೂ ಇವೆ. ಟೊಂಕದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಕಟಿಬಸ್ತಿಯ ಹೆಸರನ್ನು ಇಲ್ಲಿಯ ರೋಗಿಗಳು ಬಲ್ಲರು. ಒಂದೇ ಮನೆಯವರು ಇಂದು ಇಂಗ್ಲಿಷ್ ಔಷಧ, ನಾಳೆ ಆಯುರ್ವೇದ, ನಾಡಿದ್ದು ಉಳುಕು ತೆಗೆಯುವವನು ಎಂದು ತಿರುಗುವುದುಂಟು. ಆದರೆ ಇದು ತಂಡವಲ್ಲ. ತಂಡದಲ್ಲಿ ಚಿಕಿತ್ಸಕರು ಒಬ್ಬರೊಡನೊಬ್ಬರು ಮಾತಾಡುತ್ತಾರೆ. ಇಲ್ಲಿ ಒಬ್ಬನು ಕೊಟ್ಟುದು ಇನ್ನೊಬ್ಬನಿಗೆ ತಿಳಿಯದು, ನಡುವೆ ಓಡಾಡುವವನು ರೋಗಿಯೊಬ್ಬನೇ.

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪರೀಕ್ಷೆ ಇಲ್ಲಿ ಸ್ಮರಣೀಯ. ಬೆಂಗಳೂರಿನ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು 2008ರಲ್ಲಿ ದೀರ್ಘಕಾಲಿಕ ಟೊಂಕದ ನೋವಿನ 80 ಜನರ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಎಲ್ಲರೂ ಏಳು ದಿನ ಅಲ್ಲಿಯೇ ಉಳಿದರು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ ಮತ್ತು ಉಪದೇಶಗಳು ಸೇರಿದ ಯೋಗಕ್ರಮ. ಇನ್ನೊಂದಕ್ಕೆ ಅಷ್ಟೇ ಹೊತ್ತಿನ ದೈಹಿಕ ವ್ಯಾಯಾಮ. ಯೋಗದ ಗುಂಪಿನವರಲ್ಲಿ ಕೆಲಸಕ್ಕಾಗುವ ಅಡ್ಡಿ ಹೆಚ್ಚು ಇಳಿಯಿತು, ಬೆನ್ನು ಹೆಚ್ಚು ಬಾಗುವಂತಾಯಿತು. ಇದು ಸಂತೋಷದ ಸುದ್ದಿ. ಆದರೂ ಮಿನೆಸೋಟಾವನ್ನು ತೂಗಿದ ತಕ್ಕಡಿಯಲ್ಲಿಯೇ ಇದನ್ನೂ ತೂಗಬೇಕು. ಅಳೆದುದು ಒಂದು ವಾರದ ಕೊನೆಗೆ. ಆರು ತಿಂಗಳ ಅನಂತರ ಅಲ್ಲ. ಕಡಿತದ ಕಾಲದಲ್ಲಿ ಕೂಲಿಯವನು ಒಂದು ವಾರ ಮನೆ ಬಿಟ್ಟು ಹೋಗಬಲ್ಲನೇ ಎಂಬ ಪ್ರಶ್ನೆಯೂ ಉಳಿಯುತ್ತದೆ. 2017ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ, ಬಹುಪಾಲು ಕಡಮೆ ವರಮಾನದವರಾಗಿದ್ದ 320 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ವಾರಕ್ಕೊಂದು ಯೋಗದ ತರಗತಿ ಭೌತಚಿಕಿತ್ಸೆಗಿಂತ ಕಡಮೆಯಾಗಲಿಲ್ಲವೆಂದು ತಿಳಿದುದು ಇಂಥವರಿಗೆ ಹೆಚ್ಚು ಸಮೀಪದ ಮಾತು.

ಹೀಗಾಗಿ ಮಿನೆಸೋಟಾದ ಆ ಅರ್ಧ ಅಂಕ ನಮ್ಮ ತಾಲ್ಲೂಕುಗಳಿಗೆ ಒಂದು ಸಮಾಧಾನವನ್ನೂ ತರುತ್ತದೆ. ಏಳು ಬಗೆಯ ತಜ್ಞರು ಒಂದೇ ಸೂರಿನಡಿ ನಮಗೆ ದೊರೆಯದಿದ್ದರೆ ಅದರಿಂದ ಆಗುವ ನಷ್ಟ ನಾವು ಹೆದರುವಷ್ಟಿಲ್ಲ. ಒಪ್ಪಿತ ಉಪಾಯಗಳಲ್ಲಿ ಯಾವುದಾದರೊಂದು ಹತ್ತಿರದಲ್ಲಿ, ಕೈಗೆಟಕುವ ಬೆಲೆಗೆ, ತಿಂಗಳುಗಟ್ಟಲೆ ನಡೆಸಿಕೊಂಡು ಹೋಗುವಂತೆ ದೊರೆಯುವುದೇ ಮುಖ್ಯ. ದೂರದ ನಗರದ ಪ್ರಸಿದ್ಧ ಚಿಕಿತ್ಸಕನಲ್ಲಿಗೆ ಪ್ರತಿ ಸಲವೂ ಎರಡು ದಿನದ ಕೂಲಿ ಕಳೆದುಕೊಂಡು ಹೋಗುವವನಿಗೆ, ದಿನವೂ ಮನೆಯಂಗಳದಲ್ಲಿ ಮಾಡುವ ಅರ್ಧ ಗಂಟೆಯ ವ್ಯಾಯಾಮ ಮತ್ತು ನಡಿಗೆ ಹೆಚ್ಚು ಲಾಭಕರವಾದೀತು. ಕಟ್ಟುಗಳನ್ನು ಚಿಕ್ಕದಾಗಿ ಕಟ್ಟುವುದು, ಮೈಗೆ ಹತ್ತಿರ ಹಿಡಿದು ಎತ್ತುವುದು, ಬಗ್ಗಿದ ಕೆಲಸದ ನಡುವೆ ಆಗಾಗ ನೆಟ್ಟಗೆ ನಿಲ್ಲುವುದು, ಇವಕ್ಕೆ ಖರ್ಚಿಲ್ಲ. ಸನ್ನೆಗೋಲಿನ ಲೆಕ್ಕ ಅವುಗಳ ಪರವಾಗಿದೆ. ಆದರೆ ಕೂಲಿಯನ್ನು ಟನ್ನಿನ ಲೆಕ್ಕದಲ್ಲಿ ಎಣಿಸುವವರೆಗೆ ಚಿಕ್ಕ ಕಟ್ಟು ಕಟ್ಟೆಂದು ಕಡಿಯುವವನಿಗೆ ಹೇಳುವುದು ಸುಲಭ, ಅವನು ಕೇಳುವುದು ಕಷ್ಟ. ಅವನ ಬೆನ್ನಿನ ಆರೋಗ್ಯದಲ್ಲಿ ಕೆಲಸ ಕೊಡುವವರಿಗೂ ಪಾಲುಂಟು.

ತಡಮಾಡಬಾರದ ಸಂದರ್ಭಗಳು

ಇಷ್ಟೆಲ್ಲ ಹೇಳಿದುದು ಸಾಮಾನ್ಯವಾದ ನೋವಿಗೆ. ಕೆಲವು ಚಿಹ್ನೆಗಳು ಕಂಡರೆ ಯಾವ ಕೈಚಿಕಿತ್ಸೆಗೂ ಮೈಯೊಡ್ಡದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ಎರಡು ತೊಡೆಗಳ ನಡುವೆ ಮರಗಟ್ಟುವುದು, ಕಾಲುಗಳ ಬಲ ಕುಂದುತ್ತ ಹೋಗುವುದು, ಇವು ನರಗಳು ಅದುಮಿಕೊಂಡ ಗುರುತು. ಗಂಟೆಗಳ ವಿಳಂಬವೂ ಶಾಶ್ವತ ಹಾನಿ ತಂದೀತು. ಬೆನ್ನುನೋವಿನ ಜೊತೆಗೆ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಬೆನ್ನೆಲುಬಿನ ಕ್ಷಯರೋಗವಿರಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಹಿಂದೆ ಅರ್ಬುದರೋಗವಾಗಿದ್ದವರು, ಎತ್ತರದಿಂದ ಬಿದ್ದವರು, ಎಲುಬು ಟೊಳ್ಳಾದ ವೃದ್ಧರು ಮೊದಲು ವೈದ್ಯರಿಗೆ ತೋರಿಸಬೇಕು. ಕ್ಷೌರದ ಅಂಗಡಿಯಲ್ಲಿ ಕತ್ತನ್ನು ಫಕ್ಕನೆ ತಿರುಚಿಸಿಕೊಳ್ಳುವ ಹವ್ಯಾಸವನ್ನೂ ಬಿಡುವುದು ಒಳ್ಳೆಯದು. ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ತಗಲಿದ ಪ್ರಸಂಗಗಳು, ಅಪರೂಪವಾದರೂ, ವರದಿಯಾಗಿವೆ.

ಹೊಸ ಚಿಕಿತ್ಸೆಯೊಂದರ ಹೆಸರು ಕೇಳಿದಾಗ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಂಡರೆ ಈ ಲೇಖನದ ಉದ್ದೇಶ ಸಾರ್ಥಕವಾಯಿತು: ಯಾವುದಕ್ಕೆ ಹೋಲಿಸಿದರೆ ಇದು ಮೇಲು? ಎಷ್ಟು ಮೇಲು? ಎಷ್ಟು ಕಾಲ? ಆ ಲಾಭಕ್ಕೆ ತೆರಬೇಕಾದ ಬೆಲೆಯೇನು? ಮನೆಯಲ್ಲಿ ಯಾರಾದರೂ ಟೊಂಕ ಹಿಡಿದುಕೊಂಡು ಕುಳಿತು, ಇದ್ದ ಎತ್ತನ್ನು ಮಾರಿ ದೂರದ ಊರಿಗೆ ಚಿಕಿತ್ಸೆಗೆ ಹೊರಡುವ ಮಾತೆತ್ತಿದ ದಿನ, ಈ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲ ಒಬ್ಬ ಮಗನೋ ಮಗಳೋ ಆ ಮನೆಯಲ್ಲಿರುವುದು ದೊಡ್ಡ ಆಸರೆ.